ಅಮ್ಮನ ಹೆಸರಿನ ಗುಂಡಿಗಳು

ವಿಡಿಯೋ ಗೇಮ್ ಎಂದರೆ ಮಕ್ಕಳ ಕಾಲಹರಣ ಎಂದೇ ನಾನೂ ತಿಳಿದಿದ್ದೆ. ಮಗನ ಪಕ್ಕ ಕೂತು ‘ಕ್ರೋನೋ ಟ್ರಿಗರ್’ ನೋಡಿದ ಮೇಲೆ ಆ ಮಾತು ಬಿಟ್ಟೆ. ಜಪಾನಿನ ಸ್ಕ್ವೇರ್ ಕಂಪನಿ 1995ರ ಮಾರ್ಚಿಯಲ್ಲಿ ಇದನ್ನು ಸೂಪರ್ ಫ್ಯಾಮಿಕಾಮ್ ಯಂತ್ರಕ್ಕೆಂದು ಹೊರತಂದಿತು. ಹಿರೊನೊಬು ಸಕಾಗುಚಿ, ಯೂಜಿ ಹೊರೀ ಮುಂತಾದವರು ಕೂಡಿ ಕಟ್ಟಿದ ಆಟ. ಪಾತ್ರಗಳಿಗೆ ರೂಪ ಕೊಟ್ಟವರು 2024ರಲ್ಲಿ ತೀರಿಕೊಂಡ ಚಿತ್ರಕಾರ ಅಕಿರಾ ತೊರಿಯಾಮಾ.

ಕಥೆ ಶುರುವಾಗುವುದು ಕ್ರಿ.ಶ. 1000ದ ಜಾತ್ರೆಯಲ್ಲಿ. ಅಲ್ಲಿ ಯಾರದೋ ಬುತ್ತಿ ತಿಂದದ್ದು, ಪುಟ್ಟ ಹುಡುಗಿಗೆ ಅವಳ ಬೆಕ್ಕನ್ನು ಹುಡುಕಿಕೊಟ್ಟದ್ದು, ಎಲ್ಲವೂ ಮುಂದೆ ನ್ಯಾಯಾಲಯದಲ್ಲಿ ಸಾಕ್ಷಿಯಾಗಿ ಎದುರು ನಿಲ್ಲುತ್ತವೆ. 1999ರಲ್ಲಿ ಲೋಕವನ್ನು ಸುಡುವ ಲಾವೋಸ್ ಎಂಬ ಜೀವಿಯನ್ನು ತಡೆಯಲು ಗೆಳೆಯರು ಯುಗದಿಂದ ಯುಗಕ್ಕೆ ಅಲೆಯುತ್ತಾರೆ. ಮರಳುಗಾಡಿನಲ್ಲಿ ಕಾಡು ಬೆಳೆಸಲು ರೋಬೋ ಎಂಬ ಯಂತ್ರಮಾನವ ಒಬ್ಬನೇ ಉಳಿದು ನಾನೂರು ವರ್ಷ ದುಡಿಯುತ್ತಾನೆ. ಉಳಿದವರಿಗೆ ಅದು ಒಂದು ಗಳಿಗೆ.

ಅವನು ಮರಳಿ ಸಿಕ್ಕ ರಾತ್ರಿ ಲುಕ್ಕಾ ಒಬ್ಬಳೇ ತನ್ನ ಬಾಲ್ಯಕ್ಕೆ ಹೋಗುತ್ತಾಳೆ. ತಾಯಿ ಲಾರಾಳ ಬಟ್ಟೆ ಯಂತ್ರಕ್ಕೆ ಸಿಕ್ಕಿ ಕಾಲು ಹೋದ ದಿನ ಅದು. ಯಂತ್ರ ನಿಲ್ಲಬೇಕಾದರೆ ಆಡುವವರು ತಾಯಿಯ ಹೆಸರಿನಂತೆ ಎಲ್, ಎ, ಆರ್, ಎ ಗುಂಡಿಗಳನ್ನು ಹೊತ್ತಿಗೆ ಸರಿಯಾಗಿ ಒತ್ತಬೇಕು. ಮಗ ತಡವರಿಸಿದ. ಲಾರಾ ಕುರ್ಚಿಯಲ್ಲೇ ಉಳಿದಳು. ಕಥೆ ಮುಂದೆ ಸಾಗಿತು.

ಲೋಕವನ್ನು ಉಳಿಸುವ ಆಟಗಳು ಬೇಕಾದಷ್ಟಿವೆ. ಒಬ್ಬ ತಾಯಿಯ ಕಾಲಿಗೂ ಅಷ್ಟೇ ಬೆಲೆ ಕೊಟ್ಟದ್ದರಿಂದಲೇ ಇದು ಹಳತಾಗಿಲ್ಲ.

“ಅಮ್ಮಾ, ನೀನಾದರೆ ಯಾವ ದಿನಕ್ಕೆ ಹೋಗ್ತೀಯ?” ಎಂದ ಮಗ. ತವರಿಗೆ ಹೊರಡುವುದನ್ನು ಒಂದು ವಾರ ಮುಂದೂಡಿದ ದಿನ ನೆನಪಾಯಿತು. ನಾನು ಹೋಗುವಷ್ಟರಲ್ಲಿ ಅಮ್ಮ ಮಾತು ನಿಲ್ಲಿಸಿದ್ದಳು.