ಶೇಂಗಾ ಎಣ್ಣೆಯ ಮೇಲಿನ ಆರೋಪ: ಕೊಟ್ಟೂರು ಸೀಮೆಯಿಂದ ಒಂದು ತಕರಾರು

ಕೊಲೆಸ್ಟರಾಲ್ ಮಾತು ಬಂದಾಗಲೆಲ್ಲ ತುಪ್ಪದ ಪಕ್ಷದವರು ಎಸ್. ಎಲ್. ಮಲ್ಹೋತ್ರಾ ಅವರ 1967ರ ಲೇಖನವನ್ನು ಮುಂದಿಡುತ್ತಾರೆ. ರೈಲ್ವೆ ವೈದ್ಯರಾಗಿದ್ದ ಅವರು ನೌಕರರ ಸಾವಿನ ದಾಖಲೆಗಳನ್ನು ಜಾಲಾಡಿ ‘ಬ್ರಿಟಿಷ್ ಹಾರ್ಟ್ ಜರ್ನಲ್’ನಲ್ಲಿ ಬರೆದದ್ದಿಷ್ಟು: ಹೃದಯದ ರಕ್ತನಾಳ ಕಟ್ಟಿ ಸಾಯುವವರು ಉತ್ತರಕ್ಕಿಂತ ದಕ್ಷಿಣದಲ್ಲಿ ಸುಮಾರು 7 ಪಟ್ಟು, ಸಾವಿನ ಸರಾಸರಿ ವಯಸ್ಸು ಅಲ್ಲಿ 52, ಇಲ್ಲಿ 44. ಕೊಬ್ಬು ತಿನ್ನುವುದರಲ್ಲಿ ಮಾತ್ರ ಉತ್ತರದವರೇ ಬಹಳ ಮುಂದು. ಅವರದು ಹೆಚ್ಚಾಗಿ ಹಾಲಿನ ಕೊಬ್ಬು, ದಕ್ಷಿಣದವರದು ಬೀಜದ ಎಣ್ಣೆ. ಇಷ್ಟನ್ನು ಹಿಡಿದು ಶೇಂಗಾ ಎಣ್ಣೆಯನ್ನು ಕಟಕಟೆಗೆ ತರುವವರು ಇಂದಿಗೂ ಇದ್ದಾರೆ. ಕೂಡ್ಲಿಗಿ, ಕೊಟ್ಟೂರುಗಳ ಮಳೆಯಾಶ್ರಿತ ಹೊಲಗಳಲ್ಲಿ ಶೇಂಗಾ ಬಿತ್ತುವವರ ಪರವಾಗಿ ನಾನು ಮಾತಾಡುತ್ತಿದ್ದೇನೆಂದು ಓದುಗರು ತಿಳಿದರೆ ತಪ್ಪೇನಿಲ್ಲ.

ತಕರಾರಿರುವುದು ಆ ‘ದಕ್ಷಿಣ’ದ ಗಡಿಯ ಬಗ್ಗೆ. ಲೆಕ್ಕ ನಡೆದದ್ದು ರೈಲ್ವೆ ವಲಯಗಳ ಮೇಲೆ, 1958ರಿಂದ 1962ರವರೆಗಿನ ಸಾವುಗಳನ್ನು ಹಿಡಿದು. 1951ರ ಏಪ್ರಿಲ್ 14ರಂದು ಮೂರು ರೈಲ್ವೆಗಳನ್ನು ಕೂಡಿಸಿ ಮಾಡಿದ ದಕ್ಷಿಣ ರೈಲ್ವೆಯೊಳಗೆ ಹೊಸಪೇಟೆ–ಕೊಟ್ಟೂರು ಕವಲು ಮಾರ್ಗವೂ ಇತ್ತು. ಹುಬ್ಬಳ್ಳಿ ವಿಭಾಗ ದಕ್ಷಿಣ ಮಧ್ಯ ರೈಲ್ವೆಗೆ ಹೋದದ್ದು 1966ರಲ್ಲಿ. ಹೀಗಾಗಿ ಹಗರಿಬೊಮ್ಮನಹಳ್ಳಿ ನಿಲ್ದಾಣದ ಪಾಯಿಂಟ್ಸ್‌ಮನ್ ಮದ್ರಾಸಿನ ಗುಮಾಸ್ತನ ಜೊತೆ ಒಂದೇ ಪಟ್ಟಿಗೆ ಸೇರಿದ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳಿಗಂತೂ ಆಗ ಹಳಿಯೇ ಇರಲಿಲ್ಲ. ಅಲ್ಲಿನ ರೈತ, ಕೂಲಿಕಾರರು ಯಾವ ಪಟ್ಟಿಯಲ್ಲೂ ಇಲ್ಲ. ಇಂಥ ಪಟ್ಟಿಯಿಂದ ಈ ಐದು ತಾಲ್ಲೂಕುಗಳ ಅಡುಗೆಮನೆಗೆ ತೀರ್ಪು ಬರೆಯುವುದು ಹೇಗೆ?

ಮಲ್ಹೋತ್ರಾ ಅವರನ್ನು ಉದ್ಧರಿಸುವವರು ಅವರ ಇನ್ನರ್ಧ ವಾದವನ್ನು ಬಿಟ್ಟೇಬಿಡುತ್ತಾರೆ. (ಮೂಲ ಓದದೆ ಸಾರಾಂಶದಿಂದ ಎತ್ತಿದ್ದಾರೆಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಿಲ್ಲ.) ಅವರ ಗಮನ ಕೊಬ್ಬಿನ ಮೇಲಷ್ಟೇ ಇರಲಿಲ್ಲ. ಹೆಪ್ಪುಹಾಕಿದ ಹಾಲಿನ ಪದಾರ್ಥ, ನಾರು, ಚೆನ್ನಾಗಿ ಅಗಿದು ತಿನ್ನುವ ಊಟ, ಇವೂ ಉತ್ತರದವರನ್ನು ಕಾಯುತ್ತವೆಂದು ಅವರು ವಾದಿಸಿದರು; ದಕ್ಷಿಣದ ಮೆತ್ತಗಿನ ಅನ್ನವನ್ನು ಅದರ ಎದುರಿಗಿಟ್ಟರು. ಹಾಗಾದರೆ ಜೋಳದ ರೊಟ್ಟಿ, ಸಜ್ಜೆ ರೊಟ್ಟಿಯನ್ನು ಹಸಿ ಉಳ್ಳಾಗಡ್ಡಿಯೊಂದಿಗೆ ಅಗಿದು ಮೇಲೆ ಮಜ್ಜಿಗೆ ಕುಡಿಯುವ ನಮ್ಮ ಸೀಮೆಯವರು ಯಾವ ಕಡೆ? ಅವರದೇ ಅಳತೆಯಲ್ಲಿ ಹರಪನಹಳ್ಳಿ ಮದ್ರಾಸಿಗಿಂತ ಪಂಜಾಬಿಗೆ ಹತ್ತಿರ! ಅಗಿಯುವುದರ ವಾದ ನನಗೆ ಪೂರ್ತಿ ಒಪ್ಪಿಗೆಯೆಂದಲ್ಲ. ಆದರೆ ಎಣ್ಣೆಯ ವಾದ ಬೇಕೆನ್ನುವವರು ಇದನ್ನೂ ಹೊರಬೇಕಾಗುತ್ತದೆ.

ಇನ್ನು ಎಣ್ಣೆಯ ವಿಷಯ. ಶೇಂಗಾ ಎಣ್ಣೆಯಲ್ಲಿ ಅರ್ಧದಷ್ಟು ಏಕ ಅಪರ್ಯಾಪ್ತ ಕೊಬ್ಬು. ‘ಕೆಟ್ಟ’ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ ಏರಿಸುವ ಪರ್ಯಾಪ್ತ ಕೊಬ್ಬು ಐದರಲ್ಲೊಂದು ಪಾಲೂ ಇಲ್ಲ. ತುಪ್ಪದಲ್ಲಿ ಅದು ಶೇ. 60ರ ಆಸುಪಾಸು. ಕುಸುಬಿ ಎಣ್ಣೆಯಂತೂ ಬಹುತೇಕ ಅಪರ್ಯಾಪ್ತವೇ. ಆದರೆ ಮಲ್ಹೋತ್ರಾ ಬರೆದ ಕಾಲದಲ್ಲಿ ಇದೇ ಶೇಂಗಾ ಎಣ್ಣೆಗೆ ಜಲಜನಕ ಹಾಯಿಸಿ ವನಸ್ಪತಿ ಮಾಡುತ್ತಿದ್ದರು. ಹಾಗೆ ಹುಟ್ಟುವ ಟ್ರಾನ್ಸ್ ಕೊಬ್ಬು ಎಲ್‌ಡಿಎಲ್ ಏರಿಸಿ ‘ಒಳ್ಳೆಯ’ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ ಇಳಿಸುತ್ತದೆ. ಸರ್ಕಾರ ಅದನ್ನು ಶೇ. 2ಕ್ಕೆ ಕಟ್ಟಿಹಾಕಿದ್ದು 2022ರಲ್ಲಿ. ಗಾಣದ ಎಣ್ಣೆಗೂ ಡಾಲ್ಡಾ ಡಬ್ಬಿಗೂ ಬೇರೆ ಬೇರೆ ಲೆಕ್ಕ ಇಡದವರು ‘ಬೀಜದ ಎಣ್ಣೆ’ ಎಂದು ಒಟ್ಟಾಗಿ ಬಯ್ಯಬಾರದು.

ನನಗೆ ಅನುಮಾನವಿರುವುದು ತಟ್ಟೆಯ ಮೇಲೆ. ರೊಟ್ಟಿ ಇದ್ದಲ್ಲಿ ಪಡಿತರದ ಬಿಳಿ ಅಕ್ಕಿ ಬಂದಿದೆ, 2013ರ ಅನ್ನಭಾಗ್ಯದ ನಂತರವಂತೂ ಹೇರಳವಾಗಿ. ಅತಿಯಾದ ಪಿಷ್ಟ ಯಕೃತ್ತಿನಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬಾಗುತ್ತದೆ. ಟ್ರೈಗ್ಲಿಸರೈಡ್ ಜಾಸ್ತಿ, ಎಚ್‌ಡಿಎಲ್ ಕಮ್ಮಿ ಎಂಬುದು ಭಾರತೀಯರ ರಕ್ತದ ಪರಿಚಿತ ದೋಷ. 2023ರ ಐಸಿಎಂಆರ್–ಇಂಡಿಯಾಬ್ ವರದಿಯಂತೆ ದೇಶದ ವಯಸ್ಕರಲ್ಲಿ ಶೇ. 24 ಮಂದಿಗೆ ಕೊಲೆಸ್ಟರಾಲ್ ಹೆಚ್ಚು. ಭಾರತೀಯ ಹೃದ್ರೋಗ ತಜ್ಞರ ಸಂಘದ 2024ರ ಮಾರ್ಗಸೂಚಿ ಸಾಮಾನ್ಯ ಜನರ ಎಲ್‌ಡಿಎಲ್ (ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ) 100ರ ಕೆಳಗಿರಲಿ, ಸಕ್ಕರೆ ಕಾಯಿಲೆ, ಬಿಪಿಯಂಥ ಅಪಾಯವಿದ್ದವರದು 70ರ ಕೆಳಗಿರಲಿ ಎನ್ನುತ್ತದೆ. ಮೊದಲ ತಪಾಸಣೆಗೆ ಉಪವಾಸವೂ ಬೇಡ. ಕೊಲೆಸ್ಟರಾಲ್ ಇಳಿಸುವ ಮಾತ್ರೆ ಬೇಕಾದವರು ಮಾತ್ರ ಎಣ್ಣೆಯ ಈ ಜಗಳ ತೀರಲೆಂದು ಕಾಯುತ್ತ ಕೂರಬಾರದು.

ಅಂದಿನ ಹುಬ್ಬಳ್ಳಿ ವಿಭಾಗದ ಸಾವುಗಳನ್ನು ಮದ್ರಾಸಿನಿಂದ ಬಿಡಿಸಿ ಎಣಿಸಿದ ಪಟ್ಟಿಯನ್ನು ತುಪ್ಪದ ಪಕ್ಷದವರು ಯಾರಾದರೂ ತಂದರೆ, ಮತ್ತೊಮ್ಮೆ ವಾದಕ್ಕೆ ಕೂರಲು ನಾನು ತಯಾರು.