ತುಂಡಾದ ಸಿಂಹಾಸನ, ಚದುರಿದ ಹುಲಿಗಳು

ಹುಮಾ ಹಕ್ಕಿಯ ನೆರಳು ಬಿದ್ದವನು ದೊರೆಯಾಗುತ್ತಾನೆಂಬುದು ಪರ್ಷಿಯನ್ನರ ನಂಬಿಕೆ. ಟಿಪ್ಪು ಸುಲ್ತಾನರ ಸಿಂಹಾಸನದ ಛತ್ರಿಯ ಮೇಲೆ ಅಂಥ ಒಂದು ಚಿನ್ನದ ಹುಮಾ ಇತ್ತು. ಅದರ ಮೈತುಂಬ ವಜ್ರ, ಮಾಣಿಕ್ಯ, ಪಚ್ಚೆ. ಚಿನ್ನದ ತಗಡು ಹೊದಿಸಿದ ಆಸನದ ಕೆಳಗೆ ದೊಡ್ಡ ಹುಲಿ, ಸುತ್ತಲೂ ರತ್ನಖಚಿತ ಪುಟ್ಟ ಹುಲಿಮುಖಗಳು. ಇಂಗ್ಲಿಷರನ್ನು ಸೋಲಿಸುವ ತನಕ ಅದನ್ನು ಏರುವುದಿಲ್ಲವೆಂದು ಸುಲ್ತಾನರು ಪಣ ತೊಟ್ಟಿದ್ದರೆಂಬ ಮಾತಿದೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಸುಲ್ತಾನರು ಮಡಿದರು. ಲೂಟಿಯ ಮಾಲನ್ನು ಸೈನ್ಯಕ್ಕೆ ಹಂಚಲು ನೇಮಕವಾಗಿದ್ದ ಅಧಿಕಾರಿಗಳು ಸಿಂಹಾಸನವನ್ನೇ ಒಡೆದು ತುಂಡು ಮಾಡಿದರು. ಅದನ್ನು ಇಡಿಯಾಗಿ ತಮ್ಮ ದೊರೆಗೆ ಕಳಿಸಬೇಕೆಂದಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿಗೂ ಇದರಿಂದ ಬೇಸರವಾಯಿತು. ಹುಮಾ ಮೂರನೇ ಜಾರ್ಜ್‌ಗೆ ಕಾಣಿಕೆಯಾಯಿತು. ದೊಡ್ಡ ಹುಲಿಯ ತಲೆ 1831ರಲ್ಲಿ ನಾಲ್ಕನೇ ವಿಲಿಯಂಗೆ ಸಂದಿತು. ಎರಡೂ ಇಂದು ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿವೆ. ಪುಟ್ಟ ಹುಲಿಮುಖವೊಂದು ವೇಲ್ಸ್‌ನ ಪೊವಿಸ್ ಕೋಟೆಯಲ್ಲಿದೆ.

ಇನ್ನೊಂದು ಹುಲಿಮುಖದ ಕಥೆ ನಮ್ಮನ್ನು ಯೋಚನೆಗೆ ಹಚ್ಚುತ್ತದೆ. 15 ಲಕ್ಷ ಪೌಂಡ್ ಬೆಲೆಯ ಅದು ದೇಶ ಬಿಟ್ಟು ಹೋಗದಿರಲೆಂದು 2021ರಲ್ಲಿ ಬ್ರಿಟನ್ ಸರಕಾರ ರಫ್ತಿಗೆ ತಾತ್ಕಾಲಿಕ ತಡೆ ಹಾಕಿತು. ಲೂಟಿಯಾದ ಊರನ್ನು ಯಾರೂ ಕೇಳಲಿಲ್ಲ. ಟಿಪ್ಪುವನ್ನು ಹೊಗಳುವವರೂ ತೆಗಳುವವರೂ ನಮ್ಮಲ್ಲಿ ಬೇಕಾದಷ್ಟಿದ್ದೇವೆ. ಮೈಸೂರಿನ ಕುಶಲಕರ್ಮಿಗಳ ಕೈಚಳಕವನ್ನು ಒಮ್ಮೆಯಾದರೂ ಇಲ್ಲಿಗೆ ತಂದು ತೋರಿಸಿ ಎಂದು ಕೇಳುವಾಗಲಾದರೂ ನಾವು ಒಂದಾಗಬಾರದೇ?