ಬಂದರಿನ ಕೆಲಸ ಹೋದರೆ ಕೈಗೆ ಬರಬೇಕಾದ ಹಣವೆಷ್ಟು?

ಮುರ್ಮುಗಾಂವ್ ಬಂದರಿಗೂ ಗೋವೆಯ ಕಬ್ಬಿಣದ ಅದಿರಿಗೂ ಇರುವ ನಂಟನ್ನು ಗಡಿಭಾಗದವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಮಾಂಡವಿ, ಜುವಾರಿ ನದಿಗಳಲ್ಲಿ ಬಾರ್ಜುಗಳು ಅದಿರು ಹೊತ್ತು ಬಂದರೆ ಕೆಲಸ, ಇಲ್ಲದಿದ್ದರೆ ಇಲ್ಲ. 2010-11ರಲ್ಲಿ ಸುಮಾರು 5 ಕೋಟಿ ಟನ್ ಸರಕು ಕಂಡಿದ್ದ ಬಂದರು, 2012ರ ಸೆಪ್ಟೆಂಬರ್‌ನಲ್ಲಿ ಗೋವಾ ಸರಕಾರ ಹಾಗೂ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ತಡೆದ ಮೇಲೆ 2013-14ರಲ್ಲಿ 1.2 ಕೋಟಿ ಟನ್ನಿನ ಆಸುಪಾಸಿಗೆ ಇಳಿಯಿತು. 2014ರಲ್ಲಿ ನಿಷೇಧ ತೆರವಾದರೂ 2018ರ ಫೆಬ್ರವರಿ 7ರಂದು ಸುಪ್ರೀಂ ಕೋರ್ಟ್ 88 ಲೀಸುಗಳನ್ನು ರದ್ದುಪಡಿಸಿತು. ಮಾರ್ಚ್ 16ರಿಂದ ಗಣಿಗಳು ಮತ್ತೆ ನಿಂತವು. ಎರಡೂ ಬಾರಿ ಗಣಿ, ಬಾರ್ಜು, ಟಿಪ್ಪರ್, ಬಂದರು ಎಲ್ಲ ಕಡೆ ಪೆಟ್ಟು ಬಿತ್ತು.

ಆದರೆ ಕೆಲಸ ಹೋದ ಎಲ್ಲರಿಗೂ ಒಂದೇ ರೀತಿಯ ಪರಿಹಾರ ಸಿಗುವುದಿಲ್ಲ. ಒಂದೇ ಧಕ್ಕೆಯ ಮೇಲೆ ಪಕ್ಕಪಕ್ಕದಲ್ಲಿ ದುಡಿಯುವವರಲ್ಲಿ ಒಬ್ಬ ಬಂದರಿನ ಕಾಯಂ ನೌಕರ, ಇನ್ನೊಬ್ಬ ಖಾಸಗಿ ಟರ್ಮಿನಲ್‌ನವ, ಮತ್ತೊಬ್ಬ ಕಂಟ್ರಾಕ್ಟರ್ ಕಡೆಯವ. ಮೂವರ ಕಾಗದಗಳೂ ಬೇರೆ, ಹಣವೂ ಬೇರೆ. ಹಿಂದೆ ದಿನಗೂಲಿಯಾಗಿದ್ದ ಹಡಗು ಕಾರ್ಮಿಕರನ್ನು ನೋಂದಾಯಿಸಿ ಸರದಿಯ ಕೆಲಸ ಕೊಡಲು 1948ರ ಡಾಕ್ ಕಾರ್ಮಿಕರ ಕಾಯ್ದೆಯಡಿ 1965ರಲ್ಲಿ ಮುರ್ಮುಗಾಂವ್‌ಗೆ ಪ್ರತ್ಯೇಕ ಯೋಜನೆ ಬಂದಿತ್ತು. 1997ರ ಕಾಯ್ದೆ ಇಂಥ ಮಂಡಳಿಗಳನ್ನು ಬಂದರು ಟ್ರಸ್ಟ್‌ಗಳಲ್ಲಿ ವಿಲೀನಗೊಳಿಸಲು ದಾರಿ ಮಾಡಿತು. 2021ರಲ್ಲಿ ಟ್ರಸ್ಟ್ ಹೋಗಿ ಪ್ರಾಧಿಕಾರವಾಯಿತು. ಇಂದು ಕೆಲಸ ಕಳೆದುಕೊಳ್ಳುವ ಭಯ ಹೆಚ್ಚಾಗಿ ಕಂಟ್ರಾಕ್ಟ್ ಕಾರ್ಮಿಕರದ್ದು. ಹೀಗಾಗಿ ಈ ಲೇಖನ ಮುಖ್ಯವಾಗಿ ಅವರಿಗಾಗಿ.

ಮೊದಲು ಪದಗಳ ವ್ಯತ್ಯಾಸ ತಿಳಿದಿರಲಿ. ಜನರ ಬಾಯಲ್ಲಿ ಎಲ್ಲವೂ 'ಲೇ-ಆಫ್'. ಕಾನೂನಿನಲ್ಲಿ ಲೇ-ಆಫ್ ಎಂದರೆ ಕೆಲಸ ತಾತ್ಕಾಲಿಕವಾಗಿ ನಿಂತಿದೆ, ನೌಕರಿ ಹೋಗಿಲ್ಲ ಎಂದರ್ಥ. ಆಗ ಮೂಲವೇತನ ಮತ್ತು ತುಟ್ಟಿಭತ್ಯೆಯ ಅರ್ಧದಷ್ಟು ಕೊಡುವ ನಿಯಮ 50 ಮತ್ತು ಹೆಚ್ಚು ಕಾರ್ಮಿಕರಿರುವ ಗಣಿ, ಕಾರ್ಖಾನೆ, ತೋಟಗಳಿಗಷ್ಟೇ ಅನ್ವಯ. ಬಂದರಿನ ಧಕ್ಕೆಗೆ ಅಲ್ಲ. ಕೆಲಸದಿಂದ ಪೂರ್ತಿ ತೆಗೆಯುವುದು 'ರಿಟ್ರೆಂಚ್‌ಮೆಂಟ್'. ಇದರ ಪರಿಹಾರ ಬಂದರಿನವರಿಗೂ ಇದೆ. ರಾಜೀನಾಮೆ ಮತ್ತು ವಿಆರ್‌ಎಸ್ (ಸ್ವಯಂ ನಿವೃತ್ತಿ) ಇವೆರಡಕ್ಕೂ ಸೇರದ ಬೇರೆ ಮಾತು. ಅವುಗಳಿಗೆ ಸಹಿ ಹಾಕಿದರೆ ರಿಟ್ರೆಂಚ್‌ಮೆಂಟ್ ಪರಿಹಾರ ಕೇಳುವ ಹಕ್ಕು ಬಹುತೇಕ ಮುಗಿದಂತೆ. "ಇಲ್ಲೊಂದು ಸಹಿ ಹಾಕು, ಹಣ ನಾಳೆ ಬರುತ್ತೆ" ಎಂದು ಸೂಪರ್‌ವೈಸರ್ ಹೇಳಿದರೆ, ಕಾಗದದಲ್ಲಿ 'ರಾಜೀನಾಮೆ' ಎಂಬ ಪದ ಇದೆಯೇ ನೋಡಿ. ಇಂಗ್ಲಿಷ್ ಬಾರದಿದ್ದರೆ ಓದಿಸಿಕೊಳ್ಳಿ. ಖಾಲಿ ಕಾಗದವಾದರೆ ಸಹಿಯೇ ಬೇಡ.

ಲೆಕ್ಕ ಹೀಗೆ

2025ರ ನವೆಂಬರ್ 21ರಿಂದ 1947ರ ಕೈಗಾರಿಕಾ ವಿವಾದ ಕಾಯ್ದೆಯ ಜಾಗದಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಯಲ್ಲಿದೆ. ಮೂಲ ಲೆಕ್ಕ ಬದಲಾಗಿಲ್ಲ. ಒಂದು ವರ್ಷ ಸತತ ಸೇವೆ, ಅಂದರೆ 12 ತಿಂಗಳಲ್ಲಿ 240 ದಿನ ಕೆಲಸ, ಆಗಿರಬೇಕು. ಕಾರಣ ಬರೆದ ಒಂದು ತಿಂಗಳ ನೋಟಿಸ್ ಇಲ್ಲವೇ ಒಂದು ತಿಂಗಳ ಪಗಾರ ಕೊಡಬೇಕು. ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನ. ಕೊನೆಯಲ್ಲಿ ಆರು ತಿಂಗಳಿಗಿಂತ ಹೆಚ್ಚು ಉಳಿದರೆ ಅದೂ ಒಂದು ವರ್ಷವೇ. ಇದು ಕೆಲಸದಿಂದ ತೆಗೆಯುವ ಹೊತ್ತಿಗೇ ಕೈ ಸೇರಬೇಕು.

ಐದು ವರ್ಷ ಪೂರೈಸಿದವರಿಗೆ ಗ್ರಾಚ್ಯುಟಿ ಬೇರೆ. ಒಂದು ಕೊಟ್ಟೆವು, ಇನ್ನೊಂದಿಲ್ಲ ಎನ್ನುವಂತಿಲ್ಲ. ಎರಡರಲ್ಲೂ '15 ದಿನ' ಎಂದಿದ್ದರೂ ಗ್ರಾಚ್ಯುಟಿಗೆ ತಿಂಗಳ ಪಗಾರವನ್ನು 26ರಿಂದ ಭಾಗಿಸಬೇಕು. ರಿಟ್ರೆಂಚ್‌ಮೆಂಟ್‌ಗೆ 26ರ ಲೆಕ್ಕ ಇಲ್ಲ, ಅರ್ಧ ತಿಂಗಳ ಪಗಾರ ಎಂದು ಸುಪ್ರೀಂ ಕೋರ್ಟ್ ಹೇಳಿದೆ.

ಉದಾಹರಣೆಗೆ ಮೂಲವೇತನ, ತುಟ್ಟಿಭತ್ಯೆ ಸೇರಿ ಪಗಾರ 18,200 ರೂ., ಸೇವೆ 11 ವರ್ಷ 7 ತಿಂಗಳು ಎಂದಿಟ್ಟುಕೊಳ್ಳಿ. ಎಣಿಕೆಗೆ 12 ವರ್ಷ. ರಿಟ್ರೆಂಚ್‌ಮೆಂಟ್ 9,100ರಂತೆ 1,09,200 ರೂ. ಗ್ರಾಚ್ಯುಟಿ 10,500ರಂತೆ 1,26,000 ರೂ. ನೋಟಿಸ್ ಕೊಡದಿದ್ದರೆ ಇನ್ನೊಂದು 18,200 ರೂ. ಒಟ್ಟು 2,53,400 ರೂ. ಬಾಕಿ ಪಗಾರ ಇದರ ಮೇಲೆ; ಅದನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಗ್ರಾಚ್ಯುಟಿಗೆ 30 ದಿನ ಅವಕಾಶವಿದೆ. ಹೊಸ ಸಂಹಿತೆಯಲ್ಲಿ ಮರುಕೌಶಲ ನಿಧಿ ಎಂಬುದೊಂದಿದೆ. ಮಾಲೀಕ ಅದಕ್ಕೆ ತುಂಬಿದ ಕೊನೆಯ 15 ದಿನಗಳ ಪಗಾರ 45 ದಿನಗಳೊಳಗೆ ಕಾರ್ಮಿಕನ ಖಾತೆಗೆ ಬರಬೇಕು. ಬಹಳ ಜನರಿಗೆ ಇದು ಗೊತ್ತೇ ಇಲ್ಲ.

ನಿಗದಿತ ಅವಧಿಯ ಕರಾರಿನವರಿಗೆ ಮಾತ್ರ ಅವಧಿ ಮುಗಿದಾಗ ರಿಟ್ರೆಂಚ್‌ಮೆಂಟ್ ಹಣವಿಲ್ಲ. ಆದರೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿ ಸಿಗುತ್ತದೆ.

ಕಂಟ್ರಾಕ್ಟರ್ ಬದಲಾದಾಗ

ದೊಡ್ಡ ತೊಂದರೆ ಇರುವುದು ಇಲ್ಲಿ. ಟೆಂಡರ್ ಬದಲಾಗುತ್ತದೆ, ಕಂಟ್ರಾಕ್ಟರ್ ಬದಲಾಗುತ್ತಾನೆ, ಕಾರ್ಮಿಕ ಮಾತ್ರ ಅದೇ ಕ್ರೇನಿನ ಕೆಳಗೆ ಇರುತ್ತಾನೆ. ಹೊಸಬ ಸಾಮಾನ್ಯವಾಗಿ ಹಿಂದಿನ ವರ್ಷಗಳನ್ನು ತನ್ನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಹಳಬ ಹೋಗುವಾಗಲೇ ಅವನಿಂದ ಲೆಕ್ಕ ಕೇಳಬೇಕು. ವರ್ಷಗಳ ಬಳಿಕ ಅವನು ಸಿಗುವುದು ಕಷ್ಟ. ಬಾಕಿ ಪಗಾರವನ್ನು ಕಂಟ್ರಾಕ್ಟರ್ ಕೊಡದಿದ್ದರೆ ಮೂಲ ಮಾಲೀಕ ಸಂಸ್ಥೆಯೇ ಕೊಡಬೇಕಾಗುತ್ತದೆ.

ಪುರಾವೆಗೆ ಗೇಟ್ ಪಾಸ್, ಪಗಾರ ಚೀಟಿ, ಬ್ಯಾಂಕ್ ಪಾಸ್‌ಬುಕ್, ಇಎಸ್‌ಐ ಕಾರ್ಡ್ ಇಟ್ಟುಕೊಳ್ಳಿ. ಎಲ್ಲಕ್ಕಿಂತ ಗಟ್ಟಿ ಪುರಾವೆ ಪಿಎಫ್ ಪಾಸ್‌ಬುಕ್. ಯಾವ ಮಾಲೀಕ ಯಾವ ತಿಂಗಳು ಹಣ ಕಟ್ಟಿದ ಎಂಬುದು ಅದರಲ್ಲಿ ಬರೆದಿರುತ್ತದೆ. ಗೇಟ್ ಪಾಸನ್ನು ಕೆಲಸ ಬಿಡುವಾಗ ಕಿತ್ತುಕೊಳ್ಳುವುದು ರೂಢಿ, ಆದ್ದರಿಂದ ಮೊದಲೇ ಜೆರಾಕ್ಸ್ ಮಾಡಿಸಿಡಿ. ಪಿಎಫ್ ಸೇವೆ ಹತ್ತು ವರ್ಷದ ಹತ್ತಿರವಿದ್ದರೆ ಆತುರದಲ್ಲಿ ಪೆನ್ಷನ್ ಪಾಲನ್ನು ತೆಗೆಯಬೇಡಿ. ಹತ್ತು ತುಂಬಿದವರಿಗೆ 58ರ ನಂತರ ತಿಂಗಳ ಪೆನ್ಷನ್ ಇದೆ.

ದೂರು ಎಲ್ಲಿ ಕೊಡಬೇಕು ಎಂಬಲ್ಲಿ ಹಲವರು ಎಡವುತ್ತಾರೆ. ಪ್ರಮುಖ ಬಂದರು ಮತ್ತು ಗಣಿಗಳು ಕೇಂದ್ರ ಸರಕಾರದ ವ್ಯಾಪ್ತಿ. ಹೀಗಾಗಿ ಪಣಜಿಯ ರಾಜ್ಯ ಕಾರ್ಮಿಕ ಇಲಾಖೆಗಲ್ಲ, ಕಾರವಾರದ ಕಚೇರಿಗಂತೂ ಅಲ್ಲವೇ ಅಲ್ಲ, ವಾಸ್ಕೋದಲ್ಲಿರುವ ಕೇಂದ್ರದ ಸಹಾಯಕ ಕಾರ್ಮಿಕ ಆಯುಕ್ತರಿಗೆ ಅರ್ಜಿ ಕೊಡಬೇಕು. ಬಂದರಿನೊಳಗಿನ ಕಂಟ್ರಾಕ್ಟ್ ಕಾರ್ಮಿಕರಿಗೂ ಇದೇ ದಾರಿ. ಅರ್ಜಿಯ ಪ್ರತಿಯ ಮೇಲೆ ಠಸ್ಸೆ ಹಾಕಿಸಿಕೊಳ್ಳಿ. ಸಂಧಾನದಲ್ಲಿ 45 ದಿನ ಕಳೆದರೂ ಇತ್ಯರ್ಥವಾಗದಿದ್ದರೆ ಕಾರ್ಮಿಕ ನೇರವಾಗಿ ಟ್ರಿಬ್ಯೂನಲ್‌ಗೆ ಹೋಗಬಹುದು. ಹಳೆಯ ಕಾಯ್ದೆಯಲ್ಲಿ ಇದಕ್ಕೆ ಮೂರು ವರ್ಷ ಸಮಯವಿತ್ತು, ಈಗ ಕೆಲಸದಿಂದ ತೆಗೆದ ದಿನದಿಂದ ಎರಡೇ ವರ್ಷ. ಅದೇ ಮಾಲೀಕ ಒಂದು ವರ್ಷದೊಳಗೆ ಮತ್ತೆ ಜನ ತೆಗೆದುಕೊಂಡರೆ ಹಳಬರಿಗೆ ಮೊದಲ ಅವಕಾಶ ಕೊಡಬೇಕು. ಇದಕ್ಕೂ ಹಿಂದಿನ ಕಾಯ್ದೆಯಲ್ಲಿ ಗಡುವು ಇರಲಿಲ್ಲ.